ವಾಸಿಯಾದ ಮೇಲೆ ಯಾವ ಮನೆಗೆ?

ಸಂಗನಕಲ್ಲಿನಲ್ಲಿ ಉಪನ್ಯಾಸ ಎಂದರೆ ಜನ ಕಲ್ಲಿನ ಕೊಡಲಿಯ ಮಾತು ಕೇಳಲು ತಯಾರಾಗಿಯೇ ಬರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಹಿರೇಗುಡ್ಡದ ಕರಿಗಲ್ಲನ್ನು ಒಡೆದು, ಕೆತ್ತಿ, ಉಜ್ಜಿ ಕೊಡಲಿ ಮಾಡುತ್ತಿದ್ದ ನವಶಿಲಾಯುಗದ ಜನ ಇದ್ದ ಊರು ಇದು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಗುಡ್ಡಗಳನ್ನು ಹತ್ತಿಳಿದರು, ಬಿ. ಸುಬ್ಬರಾವ್ ಇಲ್ಲಿ ಅಗೆದು, 1948ರಲ್ಲಿ ಬಳ್ಳಾರಿಯ ಶಿಲಾಯುಗದ ಬಗ್ಗೆ ಪುಸ್ತಕ ತಂದರು. ಬಳ್ಳಾರಿಯ ವಸ್ತುಸಂಗ್ರಹಾಲಯ ಇಂದು ಫೂಟ್ ಹೆಸರನ್ನೂ ಈ ಊರಿನ ಹೆಸರನ್ನೂ ಜೊತೆಗೆ ಹೊತ್ತಿದೆ. ಆದರೆ ಈ ಜಿಲ್ಲೆಗೆ ಇನ್ನೊಂದು ಖ್ಯಾತಿಯೂ ಉಂಟು. ಸಮುದಾಯ ಮನೋವೈದ್ಯಕೀಯದ ಭಾರತೀಯ ಪಠ್ಯಗಳಲ್ಲಿ 'ಬಳ್ಳಾರಿ ಮಾದರಿ' ಎಂಬ ಮಾತು ಬರುತ್ತದೆ. ದೇಶದ ಮನೋವೈದ್ಯರಿಗೆ ಗೊತ್ತಿರುವ ಈ ಮಾತು ಬಳ್ಳಾರಿಯ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ಹತ್ತರಲ್ಲಿ ಒಬ್ಬರಿಗೂ ಗೊತ್ತಿರಲಾರದು. ಆ ಮಾದರಿಯನ್ನು ಒಂದು ಇಂಗ್ಲಿಷ್ ಕಾದಂಬರಿ, ಒಂದು ಕನ್ನಡ ಕಾದಂಬರಿಗಳ ನಡುವೆ ಇಟ್ಟು ನೋಡುವುದು ಈ ಉಪನ್ಯಾಸದ ಕೆಲಸ.

ಇಂಗ್ಲಿಷ್ ಕಾದಂಬರಿ ಮ್ಯಾಟ್ ಹೇಗ್ ಬರೆದ 'ದಿ ಮಿಡ್‌ನೈಟ್ ಲೈಬ್ರರಿ'. ಅದು ಹೊರಬಂದದ್ದು 2020ರ ಆಗಸ್ಟ್‌ನಲ್ಲಿ, ಕೋವಿಡ್ಡಿಗೆ ಹೆದರಿ ಜಗತ್ತೇ ಬಾಗಿಲು ಹಾಕಿಕೊಂಡು ಕೂತಿದ್ದಾಗ. ಹೇಗ್ ಅವರಿಗೆ ಈ ವಿಷಯ ಕೇಳಿ ತಿಳಿದದ್ದಲ್ಲ. 24ರ ಹರೆಯದಲ್ಲಿ ಸ್ಪೇನಿನ ಇಬಿಜಾ ದ್ವೀಪದಲ್ಲಿದ್ದಾಗ ಅವರು ತೀವ್ರ ಖಿನ್ನತೆಗೆ ಸಿಕ್ಕಿದರು. ಅದರಿಂದ ಮೇಲೆದ್ದ ಕತೆಯನ್ನು 2015ರ 'ರೀಸನ್ಸ್ ಟು ಸ್ಟೇ ಅಲೈವ್' ಪುಸ್ತಕದಲ್ಲಿ ತಾವೇ ಬರೆದಿದ್ದಾರೆ. ಹೀಗಾಗಿ ಕಾದಂಬರಿಯ ಕಟ್ಟು ಎಷ್ಟೇ ಮಾಂತ್ರಿಕವಾಗಿದ್ದರೂ ಒಳಗಿನ ನೋವು ಹುಸಿ ಅನ್ನಿಸುವುದಿಲ್ಲ.

ಮೊದಲ ಪುಟಗಳಲ್ಲೇ ಅದು ಕಾಣುತ್ತದೆ. ಬೆಡ್‌ಫರ್ಡ್ ಎಂಬ ಸಾಧಾರಣ ಊರಿನ ನೋರಾ ಸೀಡ್‌ಗೆ 35 ವರ್ಷ. ಅವಳ ಬೆಕ್ಕು ರಸ್ತೆ ಪಕ್ಕದಲ್ಲಿ ಸತ್ತುಬಿದ್ದಿದೆ ಎಂದು ಪರಿಚಯದವನೊಬ್ಬ ಬಂದು ಹೇಳುತ್ತಾನೆ. ಸಂಗೀತ ವಾದ್ಯಗಳ ಅಂಗಡಿಯ ಕೆಲಸ ಹೋಗುತ್ತದೆ. ಪಿಯಾನೊ ಕಲಿಯುತ್ತಿದ್ದ ಹುಡುಗ ಲಿಯೊನ ಪಾಠವೂ ನಿಲ್ಲುತ್ತದೆ. ಇವೆಲ್ಲಕ್ಕಿಂತ ಸಣ್ಣದೊಂದು ಏಟು ಇದೆ, ಓದುಗನಿಗೆ ಹೆಚ್ಚು ತಾಗುವುದು ಅದೇ. ನೆರೆಮನೆಯ ಮುದುಕ ಮಿಸ್ಟರ್ ಬ್ಯಾನರ್ಜಿಗೆ ಅಂಗಡಿಯಿಂದ ಔಷಧಿ ತಂದುಕೊಡುತ್ತಿದ್ದವಳು ನೋರಾ. ಇನ್ನು ಮೇಲೆ ಆ ತೊಂದರೆ ಬೇಡ, ಬೇರೆ ವ್ಯವಸ್ಥೆ ಆಗಿದೆ ಎಂದು ಆತ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾನೆ. ತನ್ನಿಂದ ಯಾರಿಗೂ ಏನೂ ಆಗಬೇಕಿಲ್ಲ ಎಂಬ ಲೆಕ್ಕ ಅಲ್ಲಿಗೆ ಪೂರ್ತಿಯಾಗುತ್ತದೆ. ಖಿನ್ನತೆ ದೊಡ್ಡ ದುರಂತವನ್ನೇ ಕಾಯುತ್ತ ಕೂರುವುದಿಲ್ಲ, ಔಷಧಿ ಚೀಟಿಯಂಥ ಸಣ್ಣ ಸಾಕ್ಷ್ಯಗಳನ್ನೂ ಕೂಡಿಹಾಕಿಕೊಳ್ಳುತ್ತದೆ ಎಂಬುದನ್ನು ಹೇಗ್ ಚೆನ್ನಾಗಿ ಬಲ್ಲರು.

ಅಂದು ರಾತ್ರಿ ನೋರಾ ಬದುಕು ಸಾಕೆಂದು ತೀರ್ಮಾನಿಸುತ್ತಾಳೆ. ಸಾವು ಬದುಕಿನ ನಡುವೆ ಅವಳಿಗೆ ಕಾಣುವುದು ಒಂದು ಗ್ರಂಥಾಲಯ. ಗಡಿಯಾರ ನಡುರಾತ್ರಿಯಲ್ಲೇ ನಿಂತಿದೆ. ಶಾಲೆಯಲ್ಲಿದ್ದಾಗ ಅಕ್ಕರೆ ತೋರಿದ್ದ ಗ್ರಂಥಪಾಲಕಿ ಮಿಸೆಸ್ ಎಲ್ಮ್ ಅಲ್ಲಿ ಕೂತಿದ್ದಾಳೆ. ಕಪಾಟಿನ ಒಂದೊಂದು ಪುಸ್ತಕವೂ ನೋರಾ ಬಾಳಬಹುದಾಗಿದ್ದ ಒಂದೊಂದು ಬಾಳು. ಈಜು ಬಿಡದಿದ್ದರೆ ಒಲಿಂಪಿಕ್ಸ್; ವಾದ್ಯತಂಡ ಬಿಡದಿದ್ದರೆ ಕೀರ್ತಿ, ಆದರೆ ಅಣ್ಣ ಇಲ್ಲ; ಮದುವೆ ಮುರಿಯದಿದ್ದರೆ ಹಳ್ಳಿಯೊಂದರಲ್ಲಿ ಗಂಡನ ಜೊತೆ ಪಬ್ಬು, ಬೇಸರದ ಸಂಸಾರ. ಹೀಗೆ ಎಷ್ಟೋ ಬಾಳು ಹೊಕ್ಕು ಹೊರಬಂದ ಮೇಲೆ ಅವಳಿಗೆ ತನ್ನದೇ ಬಡಪಾಯಿ ಬದುಕು ಬೇಕೆನ್ನಿಸುತ್ತದೆ. ಮರಳುತ್ತಾಳೆ.

ಕಟ್ಟು ಜಾಣತನದ್ದು. ಪುಟಗಳು ಸರಸರ ಉರುಳುತ್ತವೆ. ಕೊನೆಕೊನೆಗೆ ಲೇಖಕರು ಪಾಠ ಹೇಳುವ ಮೇಷ್ಟರಾಗುತ್ತಾರೆ ಎಂಬ ದೂರು ಹಲವರದು. ಅದು ನ್ಯಾಯವಾದ ದೂರೇ. ಆದರೆ ಸಂಗನಕಲ್ಲಿನಲ್ಲೋ ಸಿರುಗುಪ್ಪದಲ್ಲೋ ಕೂತು ಓದುವವನ ತಕರಾರು ಬೇರೆಯೇ.

ನೋರಾಳ ಪಶ್ಚಾತ್ತಾಪವೆಲ್ಲ ಆಯ್ಕೆಗಳದ್ದು. ತಾನೇ ಬಿಟ್ಟೆ, ತಾನೇ ಒಲ್ಲೆ ಎಂದೆ. ಸಿರುಗುಪ್ಪದ ಭತ್ತದ ರೈತನ ಪಶ್ಚಾತ್ತಾಪದ ಪುಸ್ತಕ ಬರೆಯಹೊರಟರೆ 'ತಾನೇ' ಎಂಬುದಕ್ಕೆ ಅಷ್ಟು ಜಾಗ ಸಿಗಲಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಕಾಲುವೆ ಕೆಳಗಿನ ಜನರೆಲ್ಲ ಉಸಿರು ಹಿಡಿದು ಕೂತಿದ್ದರು. ಬದಲಿ ಗೇಟು ಕೂರುವವರೆಗೆ ಹರಿದುಹೋದ ನೀರು ಯಾರ ಆಯ್ಕೆಯೂ ಆಗಿರಲಿಲ್ಲ. ಕುರುಗೋಡು ಸೀಮೆಯ ಮೆಣಸಿನಕಾಯಿ ಬೆಳೆಗಾರ ಚೀಲ ತುಂಬಿಕೊಂಡು ಬ್ಯಾಡಗಿಗೆ ಹೊರಡುವಾಗ ಅಂದಿನ ದರ ಅವನ ಕೈಲಿರುವುದಿಲ್ಲ. 2024ರ ಮಾರ್ಚ್ 11ರಂದು ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಂಕಿಯೇ ಬಿತ್ತಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ನಂಬಿದ ಹೆಂಗಸರಿಗೂ ಒಲಿಂಪಿಕ್ಸೋ ಸಂಗೀತವೋ ಎಂಬ ಗೊಂದಲ ಕಾಡಿರುವುದಿಲ್ಲ.

ಇದನ್ನು ಎತ್ತಿದೊಡನೆ ಕೆಲವರು ಇನ್ನೊಂದು ತುದಿಗೆ ಹಾರುತ್ತಾರೆ: ಹಾಗಾದರೆ ನಮ್ಮಲ್ಲಿ ಇರುವುದು ಸಾಲ, ಬರ, ದರ, ಖಿನ್ನತೆ ಎಂಬುದು ಹೊಟ್ಟೆ ತುಂಬಿದವರ ಕಾಯಿಲೆ. ಇದು ಶುದ್ಧ ತಪ್ಪು. ಸಾಲ ತೀರಿದ ಮೇಲೂ ನಸುಕಿನ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚದವರು, ಊಟ ಮುಂದಿದ್ದರೂ ಕೈ ಹಾಕದವರು, ಹಬ್ಬಕ್ಕೆ ಬಂದ ಮಗಳ ಮುಖ ನೋಡಿಯೂ ಏನೂ ಅನ್ನಿಸದವರು ಹಳ್ಳಿಯಲ್ಲೂ ಇದ್ದಾರೆ. ಆದರೆ ಅವರು ದವಾಖಾನೆಗೆ ಬಂದು ಮನಸ್ಸಿನ ಮಾತೇ ಎತ್ತುವುದಿಲ್ಲ. ಮೈಕೈ ನೋವು, ತಲೆಭಾರ, ಎದೆ ಉರಿ, ಸುಸ್ತು ಎನ್ನುತ್ತಾರೆ. ಬಹಳ ಕೆದಕಿದರೆ "ಯಾಕೋ ಬ್ಯಾಸರಾಗೈತೆ ನರ್ಸಮ್ಮ" ಎಂಬ ಮಾತು ಬರುತ್ತದೆ. ಆ ಮಾತು ಬರುವ ಹೊತ್ತಿಗೆ ಹೊರಗೆ ಕ್ಯೂ ಉದ್ದವಾಗಿರುತ್ತದೆ. ಡಾಕ್ಟರು ಶಕ್ತಿಗೊಂದು ಸೂಜಿ, ನೋವಿಗೊಂದು ಗುಳಿಗೆ ಬರೆದು ಮುಂದಿನವರನ್ನು ಕರೆದಿರುತ್ತಾರೆ.

ಸರಿಯಾಗಿ ಈ ಕ್ಯೂವಿನ ಹತ್ತಿರ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರುವಾಯಿತು. ಅಲ್ಲಿಯವರೆಗಿನ ಪರಿಸ್ಥಿತಿ ನೆನೆದರೆ ಅದರ ಬೆಲೆ ತಿಳಿದೀತು. ರಾಜ್ಯದಲ್ಲಿದ್ದ ಸರ್ಕಾರಿ ಮಾನಸಿಕ ಆಸ್ಪತ್ರೆಗಳು ಎರಡೇ, ಬೆಂಗಳೂರಿನದು ಮತ್ತು ಧಾರವಾಡದ್ದು. ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್. ಮನೆಯವರು ರೋಗಿಯನ್ನು ಹಿಡಿದುಕೊಂಡು ರಾತ್ರಿ ರೈಲೋ ಬಸ್ಸೋ ಹತ್ತಬೇಕು, ತಿಂಗಳ ಗುಳಿಗೆ ತರಬೇಕು, ಮುಗಿದಾಗ ಮತ್ತೆ ಹೋಗಬೇಕು. ಎರಡನೇ ಸಲ ಹೋಗುವವರು ಎಷ್ಟು ಮಂದಿ? ಸರ್ಕಾರ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಕಾಗದದ ಮೇಲೆ ಒಪ್ಪಿಕೊಂಡಿತ್ತು. ಅದನ್ನು ಇಡೀ ಒಂದು ಜಿಲ್ಲೆಯಲ್ಲಿ ಮಾಡಿ ತೋರಿಸುವುದಕ್ಕೆ ನಿಮ್ಹಾನ್ಸ್, ರಾಜ್ಯದ ಆರೋಗ್ಯ ಇಲಾಖೆ, ಜಿಲ್ಲಾಡಳಿತ ಸೇರಿ ಆರಿಸಿದ್ದು ಬಳ್ಳಾರಿಯನ್ನು.

ನಿಮ್ಹಾನ್ಸ್‌ನವರು ಬರಿಗೈಯಲ್ಲಿ ಬಂದಿರಲಿಲ್ಲ. ಆನೇಕಲ್ ಕಡೆಯ ಸಕಲವಾರದಲ್ಲಿ 1970ರ ದಶಕದಿಂದಲೇ ಹಳ್ಳಿಗಳ ನಡುವೆ ಕೆಲಸ ಮಾಡಿ ಕಲಿತಿದ್ದರು. ಡಾ. ಆರ್. ಶ್ರೀನಿವಾಸ ಮೂರ್ತಿ, ಡಾ. ಮೋಹನ್ ಐಸಾಕ್, ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರ ನಂಬಿಕೆ ಸರಳವಾಗಿತ್ತು: ಮನೋವೈದ್ಯರು ಊರೂರಿಗೆ ಸಿಗುವುದಿಲ್ಲ, ಆದ್ದರಿಂದ ಊರಲ್ಲಿ ಇರುವವರಿಗೇ ಕಲಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಬೆರಳೆಣಿಕೆಯ ಔಷಧಿಗಳನ್ನು ಆರೋಗ್ಯ ಕೇಂದ್ರದಲ್ಲೇ ಸಿಗುವಂತೆ ಮಾಡಿದರು: ತೀವ್ರ ಮನೋರೋಗಕ್ಕೆ ಕ್ಲೋರ್‌ಪ್ರೊಮಜಿನ್, ಮೂರ್ಛೆರೋಗಕ್ಕೆ ಫಿನೋಬಾರ್ಬಿಟೋನ್, ಖಿನ್ನತೆಗೆ ಅಮಿಟ್ರಿಪ್ಟಿಲಿನ್. ತುಂಬಲು ಸುಲಭವಾದ ದಾಖಲೆ, ತಿಂಗಳಿಗೊಮ್ಮೆ ವರದಿ. ಬಿಗಿಯಾದ ಪ್ರಕರಣಗಳಿಗೆ ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯ. ಅಷ್ಟೆ. ಈ 'ಅಷ್ಟೆ'ಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ಹೆಸರಿನಲ್ಲಿ ಬೇರೆ ರಾಜ್ಯಗಳಿಗೆ ಹೋಯಿತು, ಇಂದು ದೇಶದ 700ಕ್ಕೂ ಹೆಚ್ಚು ಜಿಲ್ಲೆಗಳಿಗೆ ಮಂಜೂರಾಗಿದೆ. ಹರಡಿದಲ್ಲೆಲ್ಲ ಒಂದೇ ಹದದಲ್ಲಿ ನಡೆದಿಲ್ಲ. ವೈದ್ಯರಿಗೆ ವರ್ಗವಾಗುತ್ತದೆ, ಗುಳಿಗೆ ಮುಗಿದು ಹೊಸ ದಾಸ್ತಾನು ಬರುವುದು ತಡವಾಗುತ್ತದೆ, ಮನೋವೈದ್ಯರ ಹುದ್ದೆ ಖಾಲಿ ಬೀಳುತ್ತದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ ಇರುವವರಲ್ಲಿ ಶೇ. 85ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ನಿಜ. ಹಾಗೆಂದು ಎದೆ ತಟ್ಟಿಕೊಳ್ಳಲು ಕಾರಣವೂ ಇಲ್ಲ.

ಅಮಿಟ್ರಿಪ್ಟಿಲಿನ್ ಗುಳಿಗೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಕಾದಂಬರಿಯ ಓದಿಗೂ ಅದಕ್ಕೂ ಸಂಬಂಧವಿದೆ. ಅದನ್ನು ನುಂಗಿದ ಮೊದಲ ದಿನಗಳಲ್ಲೇ ಬಾಯಿ ಒಣಗುತ್ತದೆ, ಮಂಪರು ಬರುತ್ತದೆ, ಮಲಬದ್ಧತೆ ಆಗುತ್ತದೆ. ಮನಸ್ಸು ಹಗುರಾಗುವುದಕ್ಕೆ ಮಾತ್ರ ಎರಡು ಮೂರು ವಾರ ಬೇಕು. ತೊಂದರೆ ಮೊದಲು, ಗುಣ ಆಮೇಲೆ. ಹೊಲದ ಕೆಲಸ ಇರುವವಳು ನಾಲ್ಕನೇ ದಿನಕ್ಕೆ "ಇದು ನಮಗೆ ಆಗಿಬರಲ್ಲ" ಎಂದು ಪೊಟ್ಟಣವನ್ನು ದೇವರ ಗೂಡಿನ ಹಿಂದೆ ಸರಿಸಿಬಿಡುತ್ತಾಳೆ. ಇನ್ನೆರಡು ವಾರ ತಾಳಮ್ಮ ಎಂದು ಬಾಗಿಲಿಗೆ ಬಂದು ಹೇಳುವವರು ಬೇಕು. ಗುಣ ಕಂಡ ಮೇಲೂ ಕನಿಷ್ಠ ಆರು ತಿಂಗಳು ಗುಳಿಗೆ ಮುಂದುವರಿಯಬೇಕು. ನೋರಾಳ ಗ್ರಂಥಾಲಯದಲ್ಲಿ ಗಡಿಯಾರ ನಿಂತಿದೆ. ಅವಳು ಲೆಕ್ಕವಿಲ್ಲದಷ್ಟು ಬಾಳು ಕಂಡು ವಾಪಸು ಬಂದರೂ ಒಂದು ರಾತ್ರಿಯೂ ಕಳೆದಿರುವುದಿಲ್ಲ. ಕಾದಂಬರಿಗೆ ಆ ಸ್ವಾತಂತ್ರ್ಯ ಇರಲಿ. ಬಳ್ಳಾರಿ ಮಾದರಿ ನಿಂತದ್ದು ಈ ಎರಡು ವಾರಗಳ ಮೇಲೆ, ಆ ಎರಡು ವಾರ ಬಾಗಿಲು ತಟ್ಟಿದ ಕಾರ್ಯಕರ್ತೆಯ ಕಾಲಿನ ಮೇಲೆ.

ಗುಳಿಗೆ ಕೆಲಸ ಮಾಡಿತು, ನಿದ್ದೆ ಬಂತು, ಊಟ ಸೇರಿತು, ಕಾಯಿಲೆ ವಾಸಿಯಾಯಿತು ಎನ್ನೋಣ. ಆಮೇಲೆ?

ಈ ಪ್ರಶ್ನೆಗೆ ಹೇಗ್ ಅವರ ಕಾದಂಬರಿಯಲ್ಲಿ ಕೆಲವೇ ಪುಟ. ಕನ್ನಡದಲ್ಲಿ ಅದಕ್ಕೆ ಇಡೀ ಒಂದು ಕಾದಂಬರಿಯೇ ಇದೆ, ಅದೂ ಹೇಗ್ ಹುಟ್ಟುವುದಕ್ಕೂ ಮೊದಲಿನದು: ತ್ರಿವೇಣಿಯವರ 'ಶರಪಂಜರ'. ತ್ರಿವೇಣಿ ಎಂಬ ಹೆಸರಿನಲ್ಲಿ ಬರೆದ ಅನಸೂಯಾ ಶಂಕರ್ ಮಂಡ್ಯದಲ್ಲಿ 1928ರಲ್ಲಿ ಹುಟ್ಟಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರು. 1953ರಲ್ಲಿ ಮೊದಲ ಕಾದಂಬರಿ 'ಅಪಸ್ವರ', 1963ರ ಜುಲೈನಲ್ಲಿ ಹೆರಿಗೆಯಾದ ಕೆಲವೇ ದಿನಗಳಿಗೆ ಸಾವು. ಹತ್ತು ವರ್ಷದಲ್ಲಿ ಸುಮಾರು ಇಪ್ಪತ್ತು ಕಾದಂಬರಿ. 'ಮಹಿಳಾ ಕಾದಂಬರಿ' ಎಂಬ ಹಣೆಪಟ್ಟಿ ಅಂಟಿಸಿ ವಿಮರ್ಶಕರು ಅವರನ್ನು ಬಹುಕಾಲ ಪಕ್ಕಕ್ಕೆ ಕೂರಿಸಿದ್ದರು. ವಾಚನಾಲಯಗಳಲ್ಲಿ ಮಾತ್ರ ಅವರ ಪುಸ್ತಕಗಳ ರಟ್ಟು ಕಿತ್ತುಬರುವಷ್ಟು ಓದು ನಡೆಯಿತು.

'ಶರಪಂಜರ'ದ ಕಾವೇರಿ ಬಾಣಂತಿತನದಲ್ಲಿ ಮನಸ್ಸಿನ ಹಿಡಿತ ತಪ್ಪಿದವಳು. ಆಸ್ಪತ್ರೆ ಸೇರುತ್ತಾಳೆ, ಗುಣವಾಗುತ್ತಾಳೆ, ಮನೆಗೆ ಬರುತ್ತಾಳೆ. ಸಾಮಾನ್ಯ ಲೇಖಕರು ಇಲ್ಲಿಗೆ ಮಂಗಳ ಹಾಡುತ್ತಿದ್ದರು. ತ್ರಿವೇಣಿಯ ನಿಜವಾದ ಕತೆ ಶುರುವಾಗುವುದೇ ಇಲ್ಲಿಂದ. ಮನೆ ಅದೇ, ಅಡುಗೆಮನೆ ಅದೇ, ಮಕ್ಕಳು ತನ್ನವೇ. ಆದರೆ ಅವಳು ಈಗ 'ಹುಚ್ಚಾಸ್ಪತ್ರೆಗೆ ಹೋಗಿಬಂದವಳು'. ನೆರೆಯವರ ನೋಟ ಬದಲಾಗಿದೆ. ಗಂಡ ಸತೀಶ ದೂರ ಸರಿದಿದ್ದಾನೆ, ಇನ್ನೊಬ್ಬಳ ಕಡೆ ವಾಲಿದ್ದಾನೆ. ಬೇರೆ ಯಾವ ಹೆಂಗಸಿಗಾದರೂ ಸಿಟ್ಟು ಬಂದರೆ ಅದು ಸಿಟ್ಟು. ಕಾವೇರಿಗೆ ಬಂದರೆ ರೋಗ ಮರುಕಳಿಸಿದ ಲಕ್ಷಣ. ಅತ್ತರೂ ಅನುಮಾನ, ನಕ್ಕರೆ ಇನ್ನೂ ಹೆಚ್ಚು ಅನುಮಾನ. ಕೊನೆಗೆ ಅವಳು ಮತ್ತೆ ಕಾಯಿಲೆಗೇ ಬೀಳುತ್ತಾಳೆ. ಅವಳನ್ನು ವಾಸಿ ಮಾಡಿದ್ದು ಆಸ್ಪತ್ರೆ, ಮತ್ತೆ ಅಲ್ಲಿಗೆ ಅಟ್ಟಿದ್ದು ಮನೆ.

ಪುಟ್ಟಣ್ಣ ಕಣಗಾಲ್ 1971ರಲ್ಲಿ ಇದನ್ನು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು, ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಕಾದಂಬರಿ ಓದದವರ ಮನೆಗೂ ಕಾವೇರಿ ಹೋದದ್ದು ಚಿತ್ರದಿಂದಲೇ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಕಲ್ಪನಾ ಅವರ ಆ ಕೊನೆಯ ಆರ್ಭಟ. ಅದಕ್ಕೂ ಮೊದಲಿನ, ಬಾಗಿಲ ಮರೆಯ ಪಿಸುಮಾತಿನ ದೃಶ್ಯಗಳು ಅಷ್ಟು ಉಳಿಯಲಿಲ್ಲ. ಕಾದಂಬರಿಯ ಭಾರವೆಲ್ಲ ಇರುವುದು ಆ ಪಿಸುಮಾತಿನಲ್ಲಿ.

ಎರಡು ಕಾದಂಬರಿಗಳನ್ನು ಒಟ್ಟಿಗೆ ಹಿಡಿದಾಗ ಹೇಗ್ ಅವರಿಗೂ ಒಂದು ನ್ಯಾಯ ಸಲ್ಲಬೇಕು. ನೋರಾ ಮರಳಿದ ರಾತ್ರಿ ಅವಳಿಗಾಗಿ ಆಂಬುಲೆನ್ಸ್ ಕರೆಯುವವನು ಯಾರು? ಇನ್ನು ಔಷಧಿ ತರಬೇಡ ಎಂದಿದ್ದ ಅದೇ ಬ್ಯಾನರ್ಜಿ. ಆಸ್ಪತ್ರೆಗೆ ಅಣ್ಣ ಓಡಿಬರುತ್ತಾನೆ. ಇದಕ್ಕೂ ಮೊದಲು, ಗಂಡ, ಮಗಳು, ಒಳ್ಳೆಯ ಕೆಲಸ ಎಲ್ಲವೂ ಇರುವ ಒಂದು ಬಾಳಿನಲ್ಲಿ ನೋರಾ ಬೆಡ್‌ಫರ್ಡ್‌ಗೆ ಬಂದು ನೋಡುತ್ತಾಳೆ. ಪಿಯಾನೊ ಕಲಿಸುವವರಿಲ್ಲದೆ ಲಿಯೊ ಪೊಲೀಸರ ಕೈಗೆ ಸಿಕ್ಕಿದ್ದಾನೆ. ಔಷಧಿ ತಂದುಕೊಡುವವರಿಲ್ಲದೆ ಬ್ಯಾನರ್ಜಿ ವೃದ್ಧಾಶ್ರಮ ಸೇರಿದ್ದಾನೆ. ಪಾಠ ಹೇಳುವ ಕೊನೆಯ ಅಧ್ಯಾಯಗಳಿಗಿಂತ ಈ ಎರಡು ದೃಶ್ಯ ಗಟ್ಟಿ. ಪುಸ್ತಕ ಬಾಯಲ್ಲಿ ಹೇಳುವುದು ಆಯ್ಕೆಯ ಮಾತು. ತೋರಿಸುವುದು ಮಾತ್ರ ನೆರೆಹೊರೆಯನ್ನು. ನೋರಾ ಮರಳಿದಾಗ ಅವಳನ್ನು ಕರೆದುಕೊಳ್ಳುವವರಿದ್ದರು. ಕಾವೇರಿಗೆ ಇರಲಿಲ್ಲ. ಹೊಸ ಬಾಳು ಶುರು ಮಾಡುವ ಗಟ್ಟಿತನ ಇಬ್ಬರಲ್ಲಿ ಯಾರಿಗೆ ಹೆಚ್ಚಿತ್ತು ಎಂದು ಕೇಳಿದರೆ, ಈ ಓದಿನ ಉತ್ತರ ಕಾವೇರಿ.

ಎಲ್ಲರೂ ಅದೇ ಮನೆಗೇ ಮರಳಬೇಕೆಂದೂ ಇಲ್ಲ. ಈ ಜಿಲ್ಲೆಯ ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರ ಅವರ 'ಮೋಹನಸ್ವಾಮಿ' (2013) ಕಥಾಸಂಕಲನ ಈ ಮಾತಿಗೆ ಬೇರೊಂದು ಮಗ್ಗುಲು ಕೊಡುತ್ತದೆ. ಜೊತೆಗಾರ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಿ ಹೋದಾಗ ಮೋಹನಸ್ವಾಮಿಗೆ ಅಳುವುದಕ್ಕೂ ಒಂದು ಹೆಗಲಿಲ್ಲ, ಏಕೆಂದರೆ ಆ ಸಂಬಂಧವೇ ಇತ್ತೆಂದು ಯಾರಿಗೂ ಹೇಳುವಂತಿಲ್ಲ. ಸಂಕಲನದಲ್ಲಿ ಅವನಿಗೆ ಉಸಿರಾಡಲು ಸಿಗುವ ಜಾಗ ಹುಟ್ಟಿದೂರೂ ಅಲ್ಲ, ಮನೆಯೂ ಅಲ್ಲ. ಆಫ್ರಿಕಾದ ಕಿಲಿಮಂಜಾರೋ ಬೆಟ್ಟ. ಪುಸ್ತಕ ಬಂದ ವರ್ಷದ ಡಿಸೆಂಬರ್‌ನಲ್ಲೇ ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧವೆನ್ನುವ 377ನೇ ಕಲಮನ್ನು ಎತ್ತಿಹಿಡಿಯಿತು. ಆ ತೀರ್ಪು ರದ್ದಾದದ್ದು 2018ರ ಸೆಪ್ಟೆಂಬರ್‌ನಲ್ಲಿ. ಅಷ್ಟು ವರ್ಷ ಮೋಹನಸ್ವಾಮಿಯಂಥವರ ಮುಂದೆ ಕಾನೂನು ಕೂಡ ಬಾಗಿಲು ಹಾಕಿತ್ತು.

ಕಾನೂನಿನ ಮಾತು ಬಂದದ್ದರಿಂದ ಇನ್ನೊಂದು. ನೋರಾ ಮಾಡಿದ್ದು ಇಂಗ್ಲೆಂಡಿನಲ್ಲಿ 1961ರಿಂದ ಅಪರಾಧವಲ್ಲ. ಭಾರತದಲ್ಲಿ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಭಾವಿಸಬೇಕು, ಸರ್ಕಾರ ಅವರಿಗೆ ಆರೈಕೆ ಕೊಡಬೇಕು ಎಂದು ಹೇಳಿದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಅದು ಜಾರಿಗೆ ಬಂದದ್ದು 2018ರ ಮೇ 29ರಿಂದ. ಆದರೂ ಹಳ್ಳಿಯಲ್ಲಿ ಆಸ್ಪತ್ರೆ ಅಂದರೆ ಪೊಲೀಸ್ ಕೇಸು ಎಂಬ ಭಯ ಹೋಗಿಲ್ಲ. ಮದುವೆಗೆ ಬಂದ ಹುಡುಗಿಗೆ ಚಿಕಿತ್ಸೆ ನಡೆದಿದ್ದರೆ ಚೀಟಿಯನ್ನು ಸುಟ್ಟುಹಾಕುವ ಮನೆಗಳೂ ಇವೆ. ಮುಂದೆ ಗುಳಿಗೆ ಕದ್ದು ನುಂಗಬೇಕು, ಇಲ್ಲವೆ ಬಿಡಬೇಕು.

ಇಂದು ದಾರಿಗಳು 1985ಕ್ಕಿಂತ ಹೆಚ್ಚಿವೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರ ಸೇವೆ ತರುವ ಏರ್ಪಾಡು ರಾಜ್ಯದಲ್ಲಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿಗೆ 14416 ಒತ್ತಿದರೆ ದುಡ್ಡಿಲ್ಲದೆ, ಹಗಲು ರಾತ್ರಿ ಎನ್ನದೆ, ಕನ್ನಡದಲ್ಲೇ ಮಾತಾಡಬಹುದು. ಇವು ರೋಗಿಗೆ. ಮನೆಯವರಿಗೆ, ಕೇರಿಯವರಿಗೆ ಏನಿದೆ ಎಂದು ಹುಡುಕಿದರೆ ಕೈಗೆ ಸಿಗುವುದು ಕಡಿಮೆ.

ಒಂದು ಸಣ್ಣ ಸೂಚನೆ ಇಡಬಹುದು. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರು. ಹೇಗ್ ತಮ್ಮ ನಾಯಕಿಯನ್ನು ಕಾಯಲು ದೇವರನ್ನೂ ವೈದ್ಯನನ್ನೂ ಬಿಟ್ಟು ಶಾಲೆಯ ಗ್ರಂಥಪಾಲಕಿಯನ್ನು ಕೂರಿಸಿದ್ದಾರೆ. ನಮ್ಮ ಅರಿವು ಕೇಂದ್ರಗಳ ಮೇಲ್ವಿಚಾರಕರು, ಅಲ್ಪ ಸಂಭಾವನೆಯಲ್ಲಿ ಬಾಗಿಲು ತೆರೆದು ಕೂರುವವರು, ಇದನ್ನು ಓದಿದರೆ ಒಮ್ಮೆ ನಗಬಹುದು. ಅವರ ಕಪಾಟಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಪಕ್ಕ ಒಂದು ಗೇಣು ಜಾಗ ಸಾಕು. ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲೇ ಬರೆದ ನೂರಕ್ಕೂ ಹೆಚ್ಚು ಪುಸ್ತಕಗಳಲ್ಲಿ ಖಿನ್ನತೆಯ ಮೇಲಿನ ಒಂದೆರಡು ಅಲ್ಲಿರಲಿ. 14416ನ್ನು ಕಪಾಟಿನ ಗಾಜಿಗೆ ಅಂಟಿಸಲಿ. 'ಶರಪಂಜರ'ವೂ ಇರಲಿ, ಆದರೆ ಅದನ್ನು ಆಸ್ಪತ್ರೆಯಿಂದ ಬಂದವಳ ಕೈಗೆ ಕೊಡುವುದು ಬೇಡ. ಎರವಲು ಪುಸ್ತಕದಲ್ಲಿ ಮೊದಲು ಅವಳ ಗಂಡನ ಹೆಸರು ಬರೆದುಕೊಳ್ಳಲಿ, ಆಮೇಲೆ ಅತ್ತೆಯದು, ಅದಾದ ಮೇಲೆ ಎದುರು ಮನೆಯವರದು.